ಬ್ಯಾಟರಿಗೆ ಹಚ್ಚಿದ ಕುಂಕುಮ

ನನ್ನ ಎಲೆಕ್ಟ್ರಿಕ್ ಸೈಕಲ್ಲಿಗೆ ಮನೆಯಲ್ಲಿ ಒಬ್ಬರೇ ವೈರಿ ಇದ್ದರು, ನಮ್ಮ ಅತ್ತೆ. ಪುಣೆ ಹತ್ತಿರದ ಚಿಂಚವಾಡದ ನಮ್ಮ ಮನೆಯಿಂದ ನಾನು ಕಲಿಸುವ ಬಾಲವಾಡಿಗೆ ನೇರ ಬಸ್ಸಿಲ್ಲ. ಮೊಣಕಾಲು ಸವೆದ ಮೇಲೆ ನಡೆದು ಹೋಗುವುದೂ ಆಗದಾಯಿತು. ಸೈಕಲ್ ಇದ್ದರೆ ನೌಕರಿ ಉಂಟು, ಇಲ್ಲದಿದ್ದರೆ ಇಲ್ಲ. ಅತ್ತೆಯದು ಮಾತ್ರ ದಿನಾ ಒಂದೇ ರಾಗ.

“ಬಿಟ್ಟಬಿಡವಾ ಆ ನೌಕ್ರಿ. ಈ ವಯಸ್ಸಿನ್ಯಾಗ ಟ್ರಕ್ಕಿನ ನಡುವ ಸೈಕಲ್ ಹೊಡಿಯೂದು ಏನ್ ಚಂದ?”

ನಾನೂ ಸುಮ್ಮನಿರುವವಳಲ್ಲ. “ಚಂದಕ್ಕ ಅಲ್ರೀ ಅತ್ತಿ, ಆ ಕೂಸುಗೋಳ ಸಲುವಾಗಿ,” ಎನ್ನುತ್ತಿದ್ದೆ.

ಬ್ಯಾಟರಿಯನ್ನು ನಾನು ಜೋಪಾನ ಮಾಡುವುದನ್ನು ಕಂಡರೂ ಅವರಿಗೆ ನಗು. ಬಂದ ಕೂಡಲೇ ಚಾರ್ಜಿಗೆ ಹಾಕುತ್ತಿರಲಿಲ್ಲ, ಬಿಸಿ ಆರಲಿ ಎಂದು ಕಾಯುತ್ತಿದ್ದೆ. ಪೂರ್ತಿ ಖಾಲಿಯಾಗಲು ಬಿಡುತ್ತಿರಲಿಲ್ಲ, ತುಂಬಿದ ಮೇಲೆ ವೈರು ಬಿಚ್ಚಲು ಮರೆಯುತ್ತಿರಲಿಲ್ಲ. ಭಾನುವಾರ ಬಂತೆಂದರೆ ಟೈರಿಗೆ ಗಾಳಿ, ಚೈನಿಗೆ ನಾಲ್ಕು ಹನಿ ಎಣ್ಣೆ. “ಗಂಡನ್ನ ಇಷ್ಟ ನೋಡ್ಕೊಂಡಿದ್ರ ಅಂವಾ ಎರಡು ಆಳ ಆಗಿರ್ತಿದ್ದ,” ಎಂದು ಅತ್ತೆ ಚುಚ್ಚುತ್ತಿದ್ದರು. ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಖಂಡೇನವಮಿ ಬಂತು. ನಮ್ಮ ವಿಜಯಪುರದ ಕಡೆ ಅಂದು ಕುಡುಗೋಲಿನಿಂದ ಹಿಡಿದು ಹೊಲಿಗೆ ಮಷೀನಿನ ತನಕ ಎಲ್ಲಕ್ಕೂ ಪೂಜೆ. ಸೈಕಲ್ಲನ್ನು ಅರಿವೆಯಿಂದ ಒರೆಸಿ, ಬ್ಯಾಟರಿಯನ್ನು ಕಳಚಿ ತಂದು ದೇವರ ಮುಂದೆ ಮಣೆಯ ಮೇಲಿಟ್ಟು, ಚೆಂಡುಹೂವು ತರಲು ಹೋದೆ. ಬಂದು ನೋಡಿದರೆ ಅತ್ತೆ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ತೆಗೆದು, ನೀರಲ್ಲಿ ಕಲಸಿದ ಕುಂಕುಮವನ್ನು ಬೆರಳಿನಿಂದ ಒತ್ತಿ ಒತ್ತಿ ಅದರೊಳಗೇ ತುಂಬಿದ್ದಾರೆ.

“ಅಯ್ಯ ನನ್ನ ಕರ್ಮವೇ! ಏನ್ ಮಾಡೀರಿ ಅತ್ತಿ?”

“ಯಾಕ? ಪೂಜಾ ಮಾಡೀನಿ.”

ಸಿಟ್ಟು ನೆತ್ತಿಗೇರಿತು. “ನೌಕ್ರಿ ಬಿಡಸ್ಬೇಕಂತಿದ್ರ ನೆಟ್ಟಗ ಬಿಡಸ್ರಿ, ಹಿಂಗ್ಯಾಕ ಮಾಡ್ತೀರಿ?” ಎಂದುಬಿಟ್ಟೆ. ಅತ್ತೆ ಬೆರಳು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು.

ಸೈಕಲ್ ಅಂಗಡಿಗೆ ಫೋನ್ ಮಾಡಿದೆ. “ಅಜಿಬಾತ್ ಚಾರ್ಜಿಂಗ್‌ಲಾ ಲಾವೂ ನಕಾ, ತಾಯೀ,” ಎಂದು ಮರಾಠಿಯಲ್ಲಿ ಹೇಳಿದ ಅಂಗಡಿಯವನು. ಚಾರ್ಜಿಗೆ ಹಾಕಲೇಬೇಡಿ, ಒಳಗೆ ಪಿನ್ನು ಸೂಜಿ ತೂರಿಸಬೇಡಿ, ದಸರೆಯ ಮರುದಿನ ಅಂಗಡಿ ತೆರೆಯುತ್ತೇನೆ, ಹಾಗೇ ತನ್ನಿ ಎಂದ. ಕೆಟ್ಟಿದ್ದರೆ ಹೊಸ ಬ್ಯಾಟರಿಯೇ ಗತಿ, ಅದು ನಮ್ಮ ಕೈಗೆಟಕುವ ಮಾತಲ್ಲ. ಬಾಲವಾಡಿ ನಡೆಸುವ ಬಾಯಿಯವರಿಗೆ ಹೇಗೆ ಹೇಳಲಿ ಎಂದು ಆಗಲೇ ಮಾತು ಹೊಂದಿಸತೊಡಗಿದ್ದೆ.

ದಸರೆಯ ಮಧ್ಯಾಹ್ನ ಹೊರಗಿನ ಕೋಣೆಗೆ ಬಂದರೆ, ಅತ್ತೆ ಬ್ಯಾಟರಿಯ ಪಕ್ಕದಲ್ಲಿ ಕುಳಿತು ಅದಕ್ಕೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು.

“ಬಿಸಲಾಗ ಹಪ್ಪಳದಂಗ ಒಣಗಸ್ಲೇನು?”

“ಬ್ಯಾಡ್ರಿ! ಬಿಸಲು ಇದಕ್ಕ ಆಗೂದಿಲ್ಲ.”

ಬೀಸಣಿಗೆ ನಿಂತಿತು. “ನೀ ಹೋಗಿ ಬರೂತನಾ ನನ್ನ ಜೀವದಾಗ ಜೀವ ಇರೂದಿಲ್ಲವಾ. ಸಂಜಿಗೆ ಗೇಟಿನ ಸಪ್ಪಳಾದ್ರನ ನನಗ ಉಸರು. ನೀ ದಿನಾ ಆ ತೂತಿಗೆ ವೈರ್ ಹಚ್ತಿದ್ದಿ, ಇದರ ಜೀವಾ ಅಲ್ಲೇ ಅದ ಅಂತ ತಿಳಕೊಂಡೆ. ನನ್ನ ಹುಡುಗಿನ್ನ ಮನಿಗಿ ಸುರಳೀತ ಮುಟ್ಸು ಅಂತ ಬೇಡ್ಕೊಂಡು ಅಲ್ಲೇ ಕುಂಕುಮ ಇಟ್ಟೆ.”

ಸೊಸೆ ಎನ್ನಲಿಲ್ಲ, ನನ್ನ ಹುಡುಗಿ ಎಂದರು. ಅವರ ಪಕ್ಕದಲ್ಲೇ ಕುಳಿತುಬಿಟ್ಟೆ. ಅಳು ತಡೆಯಲಾಗಲಿಲ್ಲ. ನಿನ್ನೆ ಆಡಿದ ಮಾತು ನೆನೆದು ನಾಚಿಕೆಯಾಯಿತು.

ಮರುದಿನ ರಿಕ್ಷಾದಲ್ಲಿ ಅಂಗಡಿಗೆ ಹೊರಟರೆ ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದು ಬಂದರು. ಅಂಗಡಿಯವನು ತೂತು ಸ್ವಚ್ಛ ಮಾಡಿ, ಮೀಟರ್ ಹಿಡಿದು ಪರೀಕ್ಷಿಸಿ, ಕೊನೆಗೆ ಚಾರ್ಜರ್ ಹಚ್ಚಿದ. ಚಾರ್ಜ್ ಆಗುತ್ತಿದೆ ಎನ್ನುವ ಕೆಂಪು ದೀಪ ಹತ್ತಿತು. ಅತ್ತೆ ಅಂಗಡಿಯ ನಡುವೆಯೇ ಕೈ ಮುಗಿದರು.

ರಜೆ ಮುಗಿದ ಬೆಳಿಗ್ಗೆ ನನಗೇ ಮನಸ್ಸು ಏಳಲಿಲ್ಲ. ಅವರಿಗೆ ಇಷ್ಟು ಅಂಜಿಕೆಯಿದ್ದರೆ ಬಿಟ್ಟೇಬಿಡೋಣ ಎನ್ನಿಸಿ ಚಹಾ ಹಿಡಿದು ಕುಳಿತಿದ್ದೆ. ಹೊರಗೆ ನೋಡಿದರೆ ಅತ್ತೆ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು.

“ಕುಂತೀ ಯಾಕ? ಲಗೂ ನಡಿ,” ಎಂದರು ತಿರುಗಿ ನೋಡದೆ. “ಕೂಸುಗೋಳು ಹಾದಿ ನೋಡಾಕತ್ತಿರ್ತಾವ.”