ಅಮ್ಮನ ಕಾಲಡಿಯ ಸೈಲೆನ್ಸರ್

ಜೀವನ್ ಬಿಮಾ ನಗರದ ನಮ್ಮ ಬೀದಿಯಲ್ಲಿ ನಾವು ಹುಡುಗ ಹುಡುಗಿಯರು ರಸ್ತೆಯ ನಡುಮಧ್ಯದಲ್ಲೇ ಲಗೋರಿಯ ಕಲ್ಲು ಜೋಡಿಸುತ್ತಿದ್ದ ಕಾಲ ಅದು. ಗಾಡಿ ಬಂತೆಂದು ಆಟ ನಿಲ್ಲಿಸಬೇಕಾಗುತ್ತಿದ್ದದ್ದು ಸಂಜೆಗೆ ಒಂದೋ ಎರಡೋ ಸಲ. ಹಳೆಯ ವಿಮಾನ ನಿಲ್ದಾಣ ಹತ್ತಿರದಲ್ಲೇ ಇದ್ದದ್ದರಿಂದ ಸದ್ದೆಲ್ಲ ತಲೆಯ ಮೇಲಿನಿಂದ ಬರುತ್ತಿತ್ತು. ವಿಮಾನ ಹೋಗುವಾಗ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುವುದು ನಮ್ಮ ಬಡಾವಣೆಯವರಿಗೆಲ್ಲ ಅಭ್ಯಾಸವಾಗಿತ್ತು. ತೊಂಬತ್ತರ ದಶಕದ ನಡುವಿನ ಮಾತು. ಅಂಥ ಬೀದಿಗೆ ಒಂದು ಬೇಸಿಗೆಯ ಶುರುವಿನಲ್ಲಿ ನಮ್ಮಪ್ಪ ಒಂದು ಕೆಂಪು ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದರು.

ಅಪ್ಪನಿಗೂ ಸ್ಪೋರ್ಟ್ಸ್ ಕಾರಿಗೂ ಎತ್ತಣಿಂದೆತ್ತ ಸಂಬಂಧವೂ ಇರಲಿಲ್ಲ. ವಿಮೆ ಕಚೇರಿಯ ಗುಮಾಸ್ತರು, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಪಾಲಿಶ್ ಮಾಡಿದ ಕಪ್ಪು ಬೂಟು. ಹಲಸೂರಿನ ಕಡೆ ಒಂದು ಹಳೇ ಬಂಗಲೆಯನ್ನು ಕೆಡವುವಾಗ ಅದರ ಶೆಡ್ಡಿನಲ್ಲಿ ಈ ಕಾರು ಸಿಕ್ಕಿತ್ತು. ಎರಡೇ ಸೀಟು, ಮಡಚುವ ಬಟ್ಟೆಯ ಮೇಲ್ಛಾವಣಿ, ಅಪ್ಪನಿಗಿಂತ ನಾಲ್ಕೈದು ವರ್ಷ ಮಾತ್ರ ಚಿಕ್ಕದು. ಒಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಗುಜರಿಗೆ ಹೋಗಬೇಕಿದ್ದದ್ದನ್ನು ಅಪ್ಪ ಕೋಳಿಗಳನ್ನು ಎಬ್ಬಿಸಿ ಕೊಂಡುಕೊಂಡರು. ಯಾಕೆ ಅಂತ ಯಾರಾದರೂ ಕೇಳಿದರೆ ನಾಚಿಕೊಂಡು ನಗುತ್ತಿದ್ದರು, ಅಷ್ಟೇ.

ಅಮ್ಮ ಏನೂ ಕೇಳಲಿಲ್ಲ. ಕಾರಿಗೆ ಆರತಿ ಎತ್ತಿ, ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಸ್ಟೀರಿಂಗಿನ ಪಕ್ಕ ಒಂದು ಪುಟ್ಟ ಗಣಪತಿಯನ್ನು ಅಂಟಿಸಿದಳು. ನಿಂಬೆಹಣ್ಣು ಪಚಕ್ಕೆಂದದ್ದೂ, ಹಿಂದಿನಿಂದ ಕಪ್ಪು ಹೊಗೆ ಬಂದು ಪಕ್ಕದ ಮನೆಯ ಅಜ್ಜನ ಪಂಚೆಯ ಮೇಲೆ ಕೂತದ್ದೂ ಒಟ್ಟಿಗೇ ಆಯಿತು. ಅಜ್ಜ ಸದ್ದು ಜಾಸ್ತಿ ಅಂತ ದೂರಿದರು. ದಿನವಿಡೀ ವಿಮಾನ ಸಹಿಸೋರಿಗೆ ನಮ್ಮ ಗಾಡಿ ಒಂದು ಹೆಚ್ಚಾಯ್ತಾ ಅಂತ ಅಪ್ಪ ಒಳಗೆ ಬಂದು ಗೊಣಗಿದರು.

ನನ್ನ ಜಾಗ ಸೀಟುಗಳ ಹಿಂದಿನ ಹಲಗೆ. ಪೆಟ್ಟಿಗೆ ಇಡಲೆಂದು ಮಾಡಿದ ಆ ಜಾಗದಲ್ಲಿ ಕಾಲು ಮಡಚಿ ಕೂತರೆ ಗಾಳಿಯೆಲ್ಲ ಮುಖಕ್ಕೇ. ಪೆಟ್ರೋಲು, ಹಳೇ ಚರ್ಮ, ಅಮ್ಮನ ಮಲ್ಲಿಗೆ, ಇವು ಮೂರೂ ಬೆರೆತ ವಾಸನೆ. ಆ ಹಲಗೆಯ ಮೇಲೆ ಕೂತಾಗ ನನಗೆ ಇಡೀ ಬೆಂಗಳೂರೇ ನನ್ನದು ಅನ್ನಿಸುತ್ತಿತ್ತು. ಶಾಲೆಯಲ್ಲಿ ಹೇಳಿಕೊಳ್ಳಲು ರಜೆ ಮುಗಿಯುವುದನ್ನೇ ಕಾಯುತ್ತಿದ್ದೆ.

ತೊಂದರೆ ಶುರುವಾದದ್ದು ಕೆ.ಆರ್. ಪುರಂನಲ್ಲಿದ್ದ ದೊಡ್ಡಮ್ಮನ ಮನೆಗೆ ಮೊದಲ ಸಲ ಹೊರಟಾಗ. ಆ ಕಾರಿನ ಹೊಗೆಕೊಳವೆ ಎಂಜಿನ್ನಿನಿಂದ ಇಳಿದು ನೇರವಾಗಿ ಎಡಗಡೆಯ ಸೀಟಿನ ಕೆಳಗೇ ಹಾದು ಹೋಗುತ್ತಿತ್ತು. ಅದಕ್ಕೂ ಕಾಲಿಡುವ ತಗಡಿಗೂ ನಡುವೆ ಇದ್ದ ರಕ್ಷಣೆಯೆಲ್ಲ ತುಕ್ಕು ಹಿಡಿದು ಉದುರಿಹೋಗಿತ್ತು. ಟಿನ್ ಫ್ಯಾಕ್ಟರಿ ದಾಟುವಾಗ ಅಮ್ಮ ಕಾಲು ಮೇಲೆತ್ತಿದಳು. ರೈಲ್ವೆ ಗೇಟಿನ ಹತ್ತಿರ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ದೊಡ್ಡಮ್ಮನ ಮನೆಯಲ್ಲಿ ನೋಡಿದರೆ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. ಅಕ್ಕ ತಂಗಿ ಸೇರಿ ಅದಕ್ಕೆ ಬೆಣ್ಣೆ ಹಚ್ಚಿದರು. ವಾಪಸು ಬರುವಾಗ ಅಮ್ಮ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು.

ಅಪ್ಪನಿಗೆ ಅವಮಾನವಾಯಿತು. ಇಡೀ ದಾರಿ ಒಬ್ಬರೇ ಓಡಿಸಿಕೊಂಡು ಬಂದವರು ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದರು: "ಸ್ಕೂಲು ಶುರುವಾಗೋದ್ರೊಳಗೆ ನೀನು ಆ ಗಾಡೀಲಿ ಕೂತ್ಕೊಂಡು ನಿಮ್ಮಕ್ಕನ ಮನೆಗೆ ಹೋಗೋ ಹಾಗೆ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ಮಾರ್ಬಿಡ್ತೀನಿ."

ಬರೀ ಮಾತಲ್ಲ ಅದು. ಫ್ರೇಜರ್ ಟೌನಿನ ಒಬ್ಬ ವ್ಯಾಪಾರಿ ಆಗಲೇ ಕಾರನ್ನು ಕೇಳಿದ್ದ. ಜೂನ್ ಮೊದಲ ವಾರ ಹೇಳ್ತೀನಿ ಅಂತ ಅಪ್ಪ ಅವನಿಗೂ ಮಾತು ಕೊಟ್ಟು ಬಂದರು. ಅಂದಿನಿಂದ ನನಗೆ ಆಟ ರುಚಿಸಲಿಲ್ಲ. ಅಮ್ಮನ ಮೇಲೆ ಒಳಗೊಳಗೇ ಸಿಟ್ಟು. ಇಷ್ಟು ಚೆನ್ನಾಗಿರುವ ಗಾಡಿಗಾಗಿ ಕಾಲು ಸ್ವಲ್ಪ ಸುಟ್ಟರೆ ಏನಂತೆ ಅನ್ನುವುದು ನನ್ನ ವಾದ. ಸುಡುತ್ತಿದ್ದದ್ದು ನನ್ನ ಕಾಲಲ್ಲವಲ್ಲ.

ಶಿವಾಜಿನಗರದಲ್ಲಿ ಸೈಲೆನ್ಸರ್ ಕೆಲಸಕ್ಕೆ ಜಬ್ಬಾರ್ ಭಾಯ್ ಅಂತ ಇದ್ದರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ಮಾತು. ಅವರ ಅಂಗಡಿ ಒಂದು ಗಲ್ಲಿಯಲ್ಲಿ. ಎದುರಿಗೆ ಸಮೋಸ ಕರಿಯುವವನು, ಪಕ್ಕದಲ್ಲಿ ಸೀಟು ಹೊಲಿಯುವವನು. ಬೆಸುಗೆಯ ಕಿಡಿ, ಕಾದ ಎಣ್ಣೆ, ಪುದೀನ ಹಾಕಿದ ಚಹಾ ಎಲ್ಲದರ ವಾಸನೆ ಒಂದೇ ಸಲಕ್ಕೆ ಮೂಗಿಗೆ ಬರುತ್ತಿತ್ತು. ಪ್ರತಿ ಭಾನುವಾರ ಅಪ್ಪ ನನ್ನನ್ನು ಹಲಗೆಯ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಅವರಿಬ್ಬರೂ ಕಾರಿನ ಕೆಳಗೆ ತೂರಿಕೊಂಡರೆ ನನಗೆ ಸಮೋಸ.

ಮೊದಲು ಜಬ್ಬಾರ್ ಭಾಯ್ ಕೊಳವೆಗೆ, ಆಸ್ಬೆಸ್ಟಾಸ್ ಅಂತಾರಲ್ಲ, ಆ ಕಲ್ನಾರಿನ ಪಟ್ಟಿ ಸುತ್ತಿದರು. ಈಗ ಅದನ್ನು ಕೈಯಲ್ಲಿ ಮುಟ್ಟಬಾರದು ಅನ್ನುತ್ತಾರೆ. ಆಗ ನಾನು ಅದರ ತುಂಡನ್ನು ಗೊಂಬೆಗೆ ಸೀರೆ ಉಡಿಸಲು ಮನೆಗೆ ತಂದಿದ್ದೆ. ಸುತ್ತಿದ ಮೇಲೆ ಎಂಜಿನ್ ಶುರು ಮಾಡಿದಾಗ ಒದ್ದೆ ಗೋಣಿಚೀಲ ಸುಟ್ಟ ಹಾಗೆ ಹೊಗೆ ಎದ್ದು, ಗಲ್ಲಿಯವರೆಲ್ಲ ಬಕೆಟ್ಟು ಹಿಡಿದು ಓಡಿಬಂದರು. ಆಮೇಲೆ ಹೊಸ ಸೈಲೆನ್ಸರ್ ಕೂರಿಸಿದರು. ಗುಡುಗುಡು ಅನ್ನುತ್ತಿದ್ದದ್ದು ತಂಬೂರಿಯ ಹಾಗೆ ಮಂದ್ರಕ್ಕೆ ಇಳಿಯಿತು. ಕಿವಿಯಿಟ್ಟು ಕೇಳುತ್ತಾ ಅಪ್ಪ ಐದು ನಿಮಿಷ ಅಲ್ಲೇ ನಿಂತುಬಿಟ್ಟರು. ಕೊನೆಗೆ ಕಾಲಿಡುವ ತಗಡಿನ ಕೆಳಗೆ ಒಂದು ಅಲ್ಯೂಮಿನಿಯಂ ಹಾಳೆಯನ್ನು ಬಿಗಿಯಾಗಿ ಬೋಲ್ಟು ಹಾಕಿ ಕೂರಿಸಿದ್ದಾಯಿತು.

ಪರೀಕ್ಷೆ ಮಾಡಲು ಜಬ್ಬಾರ್ ಭಾಯ್ ಎಡಗಡೆ ಕೂತು ಹಲಸೂರು ಕೆರೆಯವರೆಗೆ ಹೋಗಿಬಂದರು. ವಾಪಸು ಬಂದು, ಹೀಟ್ ಎಲ್ಲಾ ಖತಂ, ಮೇಡಂ ಇದ್ರ ಮೇಲೆ ಮಲ್ಗಿ ನಿದ್ದೆ ಮಾಡಬಹ್ದು ಸಾರ್ ಅಂತ ಘೋಷಿಸಿದರು. ಅಪ್ಪನೂ ಅವರ ಕೈಗೆ ಸ್ಟೀರಿಂಗ್ ಕೊಟ್ಟು ತಾವೇ ಎಡಗಡೆ ಕೂತು ನೋಡಿದರು. ಏನೂ ಬಿಸಿಯಿಲ್ಲ. ಮನೆಗೆ ಬಂದು ಅಮ್ಮನನ್ನು ಕೂರಿಸಿಕೊಂಡು ಹೊರಟರೆ, ಜೋಗುಪಾಳ್ಯ ಬರುವಷ್ಟರಲ್ಲಿ ಅಮ್ಮ ಮತ್ತೆ ಕಾಲು ಮೇಲೆತ್ತಿದಳು.

ಹೀಗೇ ಮತ್ತೆರಡು ಭಾನುವಾರ ಕಳೆದವು. ಗಂಡಸರಿಬ್ಬರೂ ತಣ್ಣಗಿದೆ ಅನ್ನುವುದು, ಅಮ್ಮ ಸುಡುತ್ತೆ ಅನ್ನುವುದು. ಅಪ್ಪ ಅಮ್ಮನ ಜತೆ ಜಗಳ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. ಅಮ್ಮ ಮಾವಿನಕಾಯಿ ಚಿತ್ರಾನ್ನ ಮಾಡಿಟ್ಟರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಅವಳಿಗೆ ಮೊದಲಿನಿಂದಲೂ ಈ ಗಾಡಿ ಕಂಡರೆ ಆಗೋದಿಲ್ಲ, ಬಾಯಿಬಿಟ್ಟು ಹೇಳದೆ ಕಾಲಿನ ನೆಪ ಮಾಡ್ತಿದ್ದಾಳೆ ಅಂತ ಅಪ್ಪ ಜಬ್ಬಾರ್ ಭಾಯ್ ಹತ್ತಿರ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಫ್ರೇಜರ್ ಟೌನಿನವನಿಗೆ ಮುಂದಿನ ವಾರವೇ ಕೊಟ್ಟುಬಿಡುತ್ತೇನೆ ಅಂದರು. ಜಬ್ಬಾರ್ ಭಾಯ್ ಸುತರಾಂ ಒಪ್ಪಲಿಲ್ಲ. ತಮ್ಮ ಕೆಲಸಕ್ಕೆ ಕೆಟ್ಟ ಹೆಸರು ಬರುತ್ತದಲ್ಲ! ಮೇಡಂ ಅವರನ್ನೇ ಒಂದು ಸಲ ಅಂಗಡಿಗೆ ಕರೆಸಿ, ಅವರನ್ನು ಕೂರಿಸಿಯೇ ನೋಡೋಣ ಅಂದರು.

ಮುಂದಿನ ಭಾನುವಾರ ನಾವು ಮುಂಚೆಯೇ ಹೋಗಿದ್ದೆವು. ಅಮ್ಮ ಆಮೇಲೆ ಆಟೋದಲ್ಲಿ ಬಂದಳು. ಎಂಜಿನ್ ಓಡುತ್ತಾ ಕಾದಿತ್ತು. ಅಪ್ಪ ಬಾನೆಟ್ಟಿನ ಹತ್ತಿರ. ಜಬ್ಬಾರ್ ಭಾಯ್ ಕೊಳವೆ ನೋಡಲು ಕಾರಿನ ಕೆಳಗೆ ಅಂಗಾತ ಮಲಗಿದ್ದರು. ಅಮ್ಮ ಬಾಗಿಲು ತೆಗೆದು ಹತ್ತಿದಳು. ಆಮೇಲೆ ಕೆಳಗಿನಿಂದ ಒಂದು ಮಸಿ ಮೆತ್ತಿದ ಕೈ ಹೊರಬಂತು. ಆ ಕೈಯಲ್ಲಿ ಅಮ್ಮನ ಚಪ್ಪಲಿ ಇತ್ತು.

"ಮೇಡಂ, ಈ ಚಪ್ಪಲ್ ಇಲ್ಲಿ ಯಾಕ್ ಐತೆ?"

"ಬಿಟ್ಟು ಹತ್ತಿದೀನಿ. ಪೂಜೆ ಮಾಡಿರೋ ಗಾಡಿ, ಒಳಗೆ ಗಣಪತಿ ಕೂತಿದಾನೆ. ಚಪ್ಪಲಿ ಹಾಕ್ಕೊಂಡು ಹತ್ತೋಕಾಗುತ್ತಾ?"

ಅಪ್ಪ ತಮ್ಮ ಕಪ್ಪು ಬೂಟು ನೋಡಿಕೊಂಡರು. ಜಬ್ಬಾರ್ ಭಾಯ್ ಹೊರಗೆ ತೆವಳಿಕೊಂಡು ಬಂದು ತಮ್ಮ ದಪ್ಪ ಅಟ್ಟೆಯ ಬೂಟು ನೋಡಿಕೊಂಡರು. ಅಮ್ಮ ಮೊದಲ ದಿನದಿಂದಲೂ ಗೇಟಿನ ಹತ್ತಿರ ಚಪ್ಪಲಿ ಬಿಟ್ಟೇ ಕಾರು ಹತ್ತುತ್ತಿದ್ದಳು. ಇಳಿಯುವಾಗ ಬೇಕಾಗುತ್ತದೆಂದು ಕೈಚೀಲದಲ್ಲಿ ಇನ್ನೊಂದು ಜೊತೆ ಇಟ್ಟುಕೊಳ್ಳುತ್ತಿದ್ದಳು. ನಾನು ದಿನವೂ ನೋಡಿದ್ದೆ. ದೇವರ ಕೋಣೆಗೆ ಯಾರಾದರೂ ಚಪ್ಪಲಿ ಬಿಟ್ಟು ಹೋದರೆ ಅದನ್ನು ಸುದ್ದಿಯೆಂದು ಹೇಳುತ್ತೇವೆಯೇ?

"ನಿಂಗೆ ಈ ಗಾಡಿ ಇಷ್ಟ ಇಲ್ಲ ಅಂದ್ಕೊಂಡಿದ್ದೆ," ಅಂದರು ಅಪ್ಪ.

"ಹಾಗಂತ ಯಾವಾಗ ಅಂದೆ? ಕಾಲು ಸುಡುತ್ತೆ ಅಂದೆ, ಅಷ್ಟೇ."

ಅಪ್ಪ ಅಲ್ಲೇ ಫುಟ್‌ಪಾತಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚಿದರು, ಕಾಲುಚೀಲ ತೆಗೆದು ಬೂಟಿನೊಳಗೆ ತುರುಕಿದರು. ಅಮ್ಮನನ್ನು ಇಳಿಸಿ, ತಾವು ಎಡಗಡೆ ಕೂತು ಎರಡೂ ಪಾದ ಊರಿದರು. ಊರಿದ್ದಷ್ಟೇ ಬೇಗ ಎತ್ತಿದರು. ಆಗ ಅವರ ಮುಖ ನೋಡಿ ನನಗೆ ಅಳು ಬಂತು.

ಆಮೇಲೆ ನಡೆದದ್ದೇ ನಿಜವಾದ ಕೆಲಸ. ಹಾಳೆಯನ್ನು ತಗಡಿಗೆ ಅಂಟಿಸಿದ ಹಾಗೆ ಬಿಗಿದದ್ದೇ ತಪ್ಪಾಗಿತ್ತು. ಕಾವು ಬೋಲ್ಟುಗಳ ಮೂಲಕ ನೇರ ಮೇಲೇರುತ್ತಿತ್ತು. ಜಬ್ಬಾರ್ ಭಾಯ್ ಅದನ್ನು ಕಿತ್ತು, ನಡುವೆ ವಾಷರುಗಳನ್ನು ಪೇರಿಸಿ, ಬೆರಳು ತೂರುವಷ್ಟು ಸಂದು ಬಿಟ್ಟು ಕೂರಿಸಿದರು. ಅದರ ಕೆಳಗೆ ಇನ್ನೊಂದು ಹಾಳೆ, ಮತ್ತೆ ಸಂದು. ಓಡುವಾಗ ಮುಂದಿನಿಂದ ಗಾಳಿ ನುಗ್ಗಿ ಹಿಂದಕ್ಕೆ ಹೋಗಲು ದಾರಿ. ಕೊಳವೆಯನ್ನೂ ಸ್ವಲ್ಪ ಕೆಳಗಿಳಿಸಿದರು. ಪ್ರತಿ ಸಲವೂ ಪರೀಕ್ಷೆ ಬರಿಗಾಲಲ್ಲೇ. ಸಮೋಸದವನೂ ಸೀಟು ಹೊಲಿಯುವವನೂ ಚಪ್ಪಲಿ ಬಿಟ್ಟು ಸರದಿಯಲ್ಲಿ ಹತ್ತಿ ಕೂತು, ಇಲ್ಲಿ ಬೆಚ್ಚಗಿದೆ, ಅಲ್ಲಿ ಪರವಾಗಿಲ್ಲ ಅಂತ ತೀರ್ಪು ಕೊಟ್ಟರು. ಚಪ್ಪಲಿ ಹಾಕ್ಕೊಂಡೇ ಹತ್ತಬಾರದಾ ಅಂತ ಅಮ್ಮನನ್ನು ಕೇಳುವುದು ಅಪ್ಪನಿಗಾಗಲಿ ಜಬ್ಬಾರ್ ಭಾಯ್‌ಗಾಗಲಿ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಕೇಳುತ್ತಿರಲಿಲ್ಲ ಅನ್ನಿಸುತ್ತದೆ.

ಶಾಲೆ ಶುರುವಾಗುವ ಹಿಂದಿನ ದಿನ ಬೆಳಿಗ್ಗೆ ನಾವು ಕೆ.ಆರ್. ಪುರಂಗೆ ಹೊರಟೆವು. ಅಪ್ಪನೂ ಬರಿಗಾಲು. ಹಳೇ ಮದ್ರಾಸ್ ರಸ್ತೆಯಲ್ಲಿ ಮರದ ನೆರಳು, ಆಗೊಂದು ಈಗೊಂದು ಲಾರಿ. ಈಗ ರೈಲು ಹಳಿಯ ಮೇಲಿರುವ ತೂಗುಸೇತುವೆ ಆಗ ಇನ್ನೂ ಇರಲಿಲ್ಲ. ರೈಲ್ವೆ ಗೇಟು ಹಾಕಿತ್ತು. ನಿಂತ ಗಾಡಿಯಲ್ಲಿ ಗಾಳಿ ಆಡುವುದಿಲ್ಲ, ಕಾವು ಏರುವುದು ಆಗಲೇ ಅಂತ ನನಗೂ ಗೊತ್ತಾಗಿತ್ತು. ಅಪ್ಪ ಗೇಟು ನೋಡುವುದು ಬಿಟ್ಟು ಅಮ್ಮನ ಪಾದ ನೋಡುತ್ತಿದ್ದರು. ನಾನು ಹಿಂದಿನಿಂದ ಬಗ್ಗಿ ಅದನ್ನೇ ನೋಡುತ್ತಿದ್ದೆ. ಗೂಡ್ಸ್ ರೈಲು ಮುಗಿಯುವುದೇ ಇಲ್ಲ ಅನ್ನುವ ಹಾಗೆ ಹೋಗುತ್ತಿತ್ತು. ಅಮ್ಮನ ಪಾದಗಳು ಅಲ್ಲಾಡಲಿಲ್ಲ.

ಗೇಟು ತೆಗೆಯಿತು. ದೊಡ್ಡಮ್ಮನ ಬೀದಿಗೆ ತಿರುಗಲು ಅಪ್ಪ ವೇಗ ಇಳಿಸಿದಾಗ ಅಮ್ಮ ಅವರ ತೋಳು ಮುಟ್ಟಿದಳು.

"ಅಕ್ಕನ ಮನೆ ಎಲ್ಲೂ ಹೋಗಲ್ಲ. ಹೊಸಕೋಟೆ ಕಡೆ ಒಂದು ಸುತ್ತು ಹೋಗ್ಬರೋಣ. ಸ್ವಲ್ಪ ಜೋರಾಗಿ ಓಡ್ಸಿ."

ಅಪ್ಪ ಜೋರಾಗಿ ಓಡಿಸಿದರು. ಅಮ್ಮನ ಸೆರಗು ನನ್ನ ಮುಖಕ್ಕೆ ಬಡಿಯುತ್ತಿತ್ತು. ಕಾಲಡಿಯಲ್ಲಿ ಆ ಮಂದ್ರದ ಸದ್ದು ಏರುತ್ತಾ ಹೋಯಿತು. ಜೀವನದಲ್ಲಿ ಅಷ್ಟು ಸಂತೋಷವಾಗಿದ್ದ ಅಪ್ಪನನ್ನು ನಾನು ಮತ್ತೆ ನೋಡಲಿಲ್ಲ.

ಕಾರು ಮುಂದೆ ಹಲವು ವರ್ಷ ನಮ್ಮಲ್ಲೇ ಇತ್ತು. ಜಬ್ಬಾರ್ ಭಾಯ್ ಅಂಗಡಿ ಮುಚ್ಚಿದ ಮೇಲೆ ಅದನ್ನು ರಿಪೇರಿ ಮಾಡುವವರೇ ಸಿಗದೆ ಕೊಡಬೇಕಾಯಿತು. ಈಗ ಅಪ್ಪನೂ ಇಲ್ಲ. ನಮ್ಮ ಬೀದಿಯಲ್ಲಿ ಲಗೋರಿಯ ಕಲ್ಲು ಇಡಲು ಒಂದು ಚಪ್ಪಡಿಯಷ್ಟು ಜಾಗವೂ ಇಲ್ಲ, ಎರಡೂ ಬದಿಗೆ ಕಾರುಗಳೇ ನಿಂತಿವೆ.

ಹೋದ ತಿಂಗಳು ಅಮ್ಮನನ್ನು ನನ್ನ ಕಾರಿನಲ್ಲಿ ಅದೇ ರಸ್ತೆಯಲ್ಲಿ ಕರೆದುಕೊಂಡು ಹೋದೆ. ಟಿನ್ ಫ್ಯಾಕ್ಟರಿ ದಾಟಲು ಒಂದು ಗಂಟೆ ಹಿಡಿಯಿತು. ಹೊಸಕೋಟೆ ಹತ್ತಿರ ಹೇಗೋ ರಸ್ತೆ ಬಿಡುವಾಯಿತು. ಜೋರಾಗಿ ಓಡಿಸಲಾ ಅಮ್ಮ ಅಂತ ಕೇಳಿದೆ. ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನಿಧಾನಕ್ಕೆ ಹೋಗು, ನಮಗೇನು ಅವಸರ," ಅಂದಳು.