ಶಿವಗಂಗವ್ವನ ಸಮುದ್ರದ ಮೀನುಗಳು

ಗಂಡ ಶಿದ್ರಾಮಪ್ಪ ತೀರಿಕೊಂಡ ಮೇಲೆ ಅವನ ಜಾಗದಲ್ಲಿ ಶಿವಗಂಗವ್ವನಿಗೆ ಜಮಖಂಡಿಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಪ್ರಾಣಿಶಾಸ್ತ್ರ ವಿಭಾಗದಲ್ಲಿ. ಸಾವಳಗಿಯ ದ್ರಾಕ್ಷಿ ತೋಟದವರ ಮಗಳು. ಕೊರಳಲ್ಲಿ ಲಿಂಗ, ಮನೆಯಲ್ಲಿ ತತ್ತಿಯ ಹೆಸರೆತ್ತಿದರೂ ಮುಖ ಕಿವಿಚುವ ಅತ್ತೆ. ಅಂಥವಳ ಪಾಲಿಗೆ ಬಂದದ್ದು ಔಷಧದ ನೀರಲ್ಲಿ ಮುಳುಗಿದ ಹಾವು, ಹಲ್ಲಿ, ಕಪ್ಪೆಗಳ ಬಾಟಲಿ ಒರೆಸುವ ಕೆಲಸ. ಮೊದಲ ವಾರ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯ ವಾರದಿಂದ ಬಾಟಲಿಗಳನ್ನು ಒಂದೊಂದಾಗಿ ಮಾತಾಡಿಸುತ್ತ ಒರೆಸತೊಡಗಿದಳು. ಹೊಟ್ಟೆಪಾಡು ಎಂಬುದು ಮನುಷ್ಯರಿಗೆ ಯಾರ ಯಾರ ಜೊತೆಗೋ ಬಳಕೆ ಬೆಳೆಸುತ್ತದೆ.

ವಿಭಾಗದ ಮುಖ್ಯಸ್ಥರು ಚನಮಲ್ಲಪ್ಪ ಸರ್. ಒಳ್ಳೆಯ ಮನುಷ್ಯ, ಆದರೆ ಮಾತು ಕಡಿಮೆ. ಹುಡುಗರಿಗೆ ಇಂಗ್ಲಿಷಿನಲ್ಲಿ ಪಾಠ ಮುಗಿಸುವಷ್ಟರಲ್ಲಿ ಅವರ ಮಾತಿನ ಚೀಲ ಬರಿದಾಗುತ್ತಿತ್ತು. ಕೆಲಸದವರ ಪಾಲಿಗೆ ಎರಡೋ ಮೂರೋ ಶಬ್ದ ಉಳಿಯುತ್ತಿದ್ದವು. 1986ರ ದೀಪಾವಳಿ ರಜೆಯಲ್ಲಿ ಅವರು ವಿದ್ಯಾರ್ಥಿಗಳನ್ನು ಕಾರವಾರಕ್ಕೆ ಕರೆದುಕೊಂಡು ಹೋದರು. ಬರುವಾಗ ಬಸ್ಸಿನ ಅರ್ಧ ಜಾಗವನ್ನು ಸಮುದ್ರದ ನೀರಿನ ಕ್ಯಾನುಗಳೇ ತಿಂದಿದ್ದವು. ಹತ್ತು ಮೀನು ಹೊರಟು ಏಳು ಜಮಖಂಡಿ ಮುಟ್ಟಿದವು. ಐದು ಕರಿಪಟ್ಟಿಯವು, ಎರಡು ಅಂಗೈಯಗಲದ ಹಳದಿಯವು.

ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ, ತಳದಲ್ಲಿ ಚಿಪ್ಪು, ಬಿಳಿ ಹವಳದ ಕಲ್ಲು, ಮೂಲೆಯಲ್ಲಿ ಗುಳುಗುಳು ಎನ್ನುವ ಗಾಳಿಯ ನಳಿಗೆ. ಆ ವಿಭಾಗದಲ್ಲಿ ಜೀವವಿದ್ದ ವಸ್ತು ಅದೊಂದೇ. ಮೀನಿಗೆ ಒಣ ಸಿಗಡಿ ಹಾಕಬೇಕೆಂದಾಗ ಶಿವಗಂಗವ್ವ ಮೂಗಿಗೆ ಸೆರಗು ಹಿಡಿದು ಚಮಚದಲ್ಲಿ ಹಾಕಿದಳು. ತಿಂಗಳಾಗುವ ಹೊತ್ತಿಗೆ ಚಮಚ ಮಾಯವಾಗಿ ಬೆರಳೇ ಬಂದಿತ್ತು. ಹಳದಿ ಮೀನು ಬೆರಳ ತುದಿಗೆ ಬಂದು ಕಚ್ಚುವುದನ್ನು ಮನೆಯಲ್ಲಿ ಹೇಳುವಂತಿರಲಿಲ್ಲ. ಸಂಜೆ ಹುಣಸೆಹಣ್ಣಿನಿಂದ ಕೈ ತಿಕ್ಕಿ ತೊಳೆದು ಹೋಗುತ್ತಿದ್ದಳು.

ಮಕರ ಸಂಕ್ರಾಂತಿ ಕಳೆದ ವಾರ ಅವಳೇ ಮೊದಲು ನೋಡಿದ್ದು. ಹಳದಿಯದರ ರೆಕ್ಕೆಯ ಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕಿ. ಎರಡು ದಿನದಲ್ಲಿ ಏಳಕ್ಕೂ ಹತ್ತಿತು. ಮೀನುಗಳು ಕಲ್ಲಿಗೆ ಮೈ ಉಜ್ಜಿಕೊಳ್ಳತೊಡಗಿದವು. ಸರ್ ನೋಡಿ, ಇದು ಮೈಯೊಳಗೆ ಸೇರಿ ತಿನ್ನುವ ಹುಳ ಎಂದರು. ತಿಂದು ತಳಕ್ಕೆ ಬೀಳುತ್ತದೆ, ಅಲ್ಲಿ ಒಂದು ನೂರಾಗಿ ಒಡೆದು ಮತ್ತೆ ಮೀನಿಗೆ ಏರುತ್ತದೆ. ನೀರಲ್ಲಿ ಈಜುವಾಗ ಮಾತ್ರ ಅದನ್ನು ಕೊಲ್ಲಬಹುದು. ಅದಕ್ಕೆ ಮೂರು ವಾರ ತಪ್ಪದೆ ಮೈಲುತುತ್ತದ ಹನಿ ಹಾಕಬೇಕು, ನಡುವೆ ಬಿಟ್ಟರೆ ಒಂದೂ ಉಳಿಯುವುದಿಲ್ಲ. ಅವರು ಅವಳಿಗೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ತೊಟ್ಟಿಯೊಳಗಿನ ಚಿಪ್ಪು, ಹವಳದ ಕಲ್ಲು ಎಲ್ಲ ಹೊರಗೆ ತೆಗೆಸಿದರು. ಏಕೆಂದು ಹುಡುಗರಿಗೆ ಇಂಗ್ಲಿಷಿನಲ್ಲಿ ಹೇಳಿದರು. ತೆಗೆದವಳಿಗೆ ಹೇಳಲಿಲ್ಲ.

ನೀಲಿ ಮೈಲುತುತ್ತ ಅವಳಿಗೆ ಹೊಸದಲ್ಲ. ತವರಿನ ತೋಟದಲ್ಲಿ ಮಳೆಗಾಲ ಬಂತೆಂದರೆ ಅದನ್ನು ಕರಗಿಸುವುದು ಅವಳದೇ ಕೆಲಸವಾಗಿತ್ತು. ಒಂದು ಗಡಿಗೆಯಲ್ಲಿ ತುತ್ತ, ಒಂದರಲ್ಲಿ ಸುಣ್ಣ, ಎರಡನ್ನೂ ಕೂಡಿಸಿ ಬಳ್ಳಿಗೆ ಹೊಡೆಯಬೇಕು. ಕುಡಗೋಲಿನ ಅಲಗು ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಸುಣ್ಣ ಸಾಲದ ತುತ್ತ ಎಲೆಯನ್ನು ಒಂದೇ ಹಗಲಲ್ಲಿ ಸುಟ್ಟು ಕರಕಲು ಮಾಡುತ್ತದೆ. ಒಮ್ಮೆ ಅವಳ ಕೈತಪ್ಪಿನಿಂದ ಎರಡು ಸಾಲು ಬಳ್ಳಿ ಹಾಗೆ ಸುಟ್ಟು, ಅಪ್ಪ ಎಂಟು ದಿನ ಮಾತು ಬಿಟ್ಟಿದ್ದ. ಅಂಥ ಪಾಠ ಯಾರಿಗೂ ಮರೆಯುವುದಿಲ್ಲ.

ಐದನೆಯ ದಿನ ಸರ್ ವಿಶ್ವವಿದ್ಯಾಲಯದ ಕೆಲಸಕ್ಕೆಂದು ಧಾರವಾಡಕ್ಕೆ ಹೊರಟರು. ಬೆಳಿಗ್ಗೆ ಇಷ್ಟು ಹನಿ, ಸಂಜೆ ಇಷ್ಟು ಹನಿ ಎಂದು ಚೀಟಿ ಬರೆದು, ತೊಟ್ಟಿಯ ಕೋಣೆಯ ಕೀಲಿ ಶಿವಗಂಗವ್ವನ ಕೈಗೆ ಕೊಟ್ಟರು. ಹೆಚ್ಚೂ ಬೇಡ, ಕಡಿಮೆಯೂ ಬೇಡ ಎಂದಷ್ಟೇ ಹೇಳಿದರು.

ಎರಡು ದಿನ ಅವಳು ಚೀಟಿಯಂತೆಯೇ ನಡೆದಳು. ಆದರೆ ಮೀನುಗಳು ಸಿಗಡಿ ಮುಟ್ಟಲಿಲ್ಲ. ಮೂಲೆ ಸೇರಿ ಕಿವಿರು ಬಡಿಯುತ್ತ ಏದುಸಿರು ಬಿಡುತ್ತಿದ್ದವು. ಅವಳ ಕಣ್ಣಿಗೆ ಇದು ಸುಡುವ ಲಕ್ಷಣ. ಆಗ ತಟ್ಟನೆ ನೆನಪಾಯಿತು: ಚಿಪ್ಪು ಎಂದರೆ ಸುಣ್ಣ, ಊರಲ್ಲಿ ಸುಣ್ಣ ಸುಡುವುದೇ ಚಿಪ್ಪಿನಿಂದ. ಸರ್ ಇದ್ದಬದ್ದ ಸುಣ್ಣವನ್ನೆಲ್ಲ ತಾವೇ ಹೊರಗೆ ತೆಗೆಸಿ ಬರಿಯ ತುತ್ತ ಹಾಕಿಸಿದ್ದಾರೆ! ಓದಿದವರಿಗೆ ತೋಟದ ಗುಟ್ಟು ಹೇಗೆ ಗೊತ್ತಿರಬೇಕು? ಪಾಪ, ಮರೆತಿದ್ದಾರೆ ಎಂದುಕೊಂಡಳು. ಮೂರನೆಯ ದಿನ ಸಂಜೆ ಅರ್ಧ ಕೊಡ ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿ ತೊಟ್ಟಿಗೆ ಸುರಿದಳು. ನೀರು ಮಜ್ಜಿಗೆಯಂತಾಯಿತು. ತೋಟದ ಔಷಧವೂ ಮಂದವಾಗಿಯೇ ಇರುತ್ತದೆಂದು ಸಮಾಧಾನದಿಂದ ಮನೆಗೆ ಹೋದಳು.

ಬೆಳಿಗ್ಗೆ ಬಂದು ನೋಡಿದರೆ ಎರಡು ಹಳದಿ, ಎರಡು ಪಟ್ಟಿಯವು ಮೇಲೆ ತೇಲುತ್ತಿದ್ದವು. ಉಳಿದ ಮೂರು ಗಾಳಿಯ ನಳಿಗೆಗೆ ಮೂತಿ ಹಚ್ಚಿ ನಿಂತಿದ್ದವು. ಶಿವಗಂಗವ್ವ ಅಲ್ಲೇ ಕುಸಿದು ಕೂತು ಅತ್ತಳು. ಗಂಡ ಸತ್ತಾಗ ಹತ್ತು ಜನರ ನಡುವೆ ಬಾರದ ಅಳು ಅಂದು ನಾಲ್ಕು ಮೀನಿಗಾಗಿ ಬಂತು.

ಪಕ್ಕದ ರಸಾಯನಶಾಸ್ತ್ರ ವಿಭಾಗದ ಜವಾನ ಹಣಮಂತ, ಶಿದ್ರಾಮಪ್ಪನ ಗೆಳೆಯ, ಓಡಿಬಂದ. ಕ್ಯಾನುಗಳಲ್ಲಿ ಉಳಿದಿದ್ದ ಸಮುದ್ರದ ನೀರಿನಲ್ಲಿ ಅರ್ಧ ತೆಗೆದು, ಇಬ್ಬರೂ ಸೇರಿ ತೊಟ್ಟಿಯ ನೀರು ಬದಲಿಸಿದರು. ಬಿಳುಪು ಹೋಯಿತು. ಕೈ ಒರೆಸಿಕೊಳ್ಳುತ್ತ ಹಣಮಂತ ತಗ್ಗಿದ ದನಿಯಲ್ಲಿ ಹೇಳಿದ:

“ವೈನಿ, ಸುಣ್ಣದ ಮಾತು ನಿಮ್ಮ ಬಾಯಾಗ ಬರಬಾರದು. ಮದಲ ಜಡ್ಡಾಗಿದ್ವು, ಸತ್ವು ಅನ್ರಿ. ಮುಂದಿನ ತಿಂಗಳ ನಿಮ್ಮ ನೌಕರಿ ಕಾಯಂ ಆಗೂದೈತಿ. ಸಹಿ ಮಾಡಾವ್ರು ನಿಮ್ಮ ಸರ ಅದಾರ.”

ಮಾತು ಖರೆ. ಎರಡು ವರ್ಷದ ಅವಧಿ ಮಾರ್ಚಿಗೆ ಮುಗಿಯುತ್ತಿತ್ತು. ಕೆಲಸ ತೃಪ್ತಿಕರ ಎಂದು ಮುಖ್ಯಸ್ಥರು ಬರೆದುಕೊಡಬೇಕು. ಮನೆಯಲ್ಲಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಸುಮ್ಮನಿರುವುದೆಂದು ಅವಳೂ ಗಟ್ಟಿ ಮಾಡಿಕೊಂಡಳು.

ಮರುದಿನ ಸರ್ ಬಂದರು. ತೊಟ್ಟಿಯ ಮುಂದೆ ನಿಂತರು, ಬೈಯಲಿಲ್ಲ. ಕಾಗದ ತೆಗೆದು ಹಳೆಯ ಲೆಕ್ಕವನ್ನೇ ಮತ್ತೆ ಮತ್ತೆ ಮಾಡಿದರು. ಚೀಟಿಯಂತೆ ಹಾಕಿದಿಯಾ ಎಂದು ಕೇಳಿದರು. ಹಾಕಿದ್ದೇನೆ ಎಂದಳು, ಅದೇನೂ ಸುಳ್ಳಲ್ಲ. ಅವರು ತೊಟ್ಟಿಯ ರಜಿಸ್ಟರ್ ತೆರೆದು ಬರೆಯುತ್ತ, ತಮಗೇ ಹೇಳಿಕೊಂಡ ಹಾಗೆ ಹೇಳಿದರು: ಎಲ್ಲೋ ನಾನೇ ಲೆಕ್ಕ ತಪ್ಪಿದ್ದೇನೆ, ತುತ್ತದೊಳಗಿನ ತಾಮ್ರ ಹೆಚ್ಚಾಗಿ ಕೊಂದಿದೆ. ಇವತ್ತಿನಿಂದ ಹನಿ ಬಂದ್. ಉಳಿದ ಮೂರು ಎಷ್ಟು ದಿನ ಇರುತ್ತವೋ ಇರಲಿ.

ಶಿವಗಂಗವ್ವ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹನಿ ಬಂದ್ ಎಂದರೆ ಏನೆಂದು ಅವಳಿಗೆ ಅವರೇ ಕಲಿಸಿದ್ದರು. ತಳದ ಹುಳ ಒಡೆಯುತ್ತದೆ, ಏರುತ್ತದೆ, ಮೂರೂ ಹೋಗುತ್ತವೆ. ಅವಳು ಬಾಯಿ ಮುಚ್ಚಿಕೊಂಡರೆ ನೌಕರಿ ಉಳಿಯುತ್ತಿತ್ತು, ಮೀನು ಉಳಿಯುತ್ತಿರಲಿಲ್ಲ. ಆ ಮನುಷ್ಯ ಮಾಡದ ತಪ್ಪನ್ನು ತನ್ನ ಕೈಯಾರೆ ಬರೆದಿಡುತ್ತಿದ್ದ. ಅವಳು ಒಳಗೆ ಬಂದಳು. ಕಸಬರಿಗೆ ಕೆಳಗಿಟ್ಟಳು.

“ಸರ, ನಿಮ್ಮ ಲೆಕ್ಕ ತಪ್ಪಿಲ್ಲರಿ. ನಾ ಸುಣ್ಣದ ನೀರು ಹಾಕೇನ್ರಿ, ಅರ್ಧ ಕೊಡ. ತುತ್ತ ಸುಡಾಕತ್ತೈತಿ ಅಂತ ತಿಳದೆ. ಹನಿ ಬಿಡಬ್ಯಾಡ್ರಿ.”

ಸರ್ ಪೆನ್ನು ಕೆಳಗಿಟ್ಟರು. ಸುಣ್ಣ ಏಕೆ ಎಂದು ಕೇಳಿದರು. ಅವಳು ತೋಟ, ಗಡಿಗೆ, ಕುಡಗೋಲು, ಚಿಪ್ಪು ಎಲ್ಲ ಹೇಳಿದಳು. ಚಿಪ್ಪು ತೆಗೆಸಿದ್ದು ಅದರ ಸುಣ್ಣ ತುತ್ತವನ್ನು ಕುಡಿದುಬಿಡುತ್ತದೆಂದೇ ಹೊರತು ಮರೆತಲ್ಲ, ಮೀನು ಏದುಸಿರು ಬಿಟ್ಟದ್ದು ಹುಳದಿಂದ, ಸತ್ತದ್ದು ಸುಣ್ಣದ ಉರಿಯಿಂದ ಎಂದು ಅವರು ಅಂದು ವಿವರಿಸಿದರು, ಕನ್ನಡದಲ್ಲಿ. ನಂತರ ಅಂದರು:

“ನೀ ಹೇಳದಿದ್ರ ಈ ಮೂರನ್ನೂ ನಾನ ಕೊಲ್ತಿದ್ದೆ. ಕೀಲಿ ಇಲ್ಲಿಡು.”

ಅವಳು ಕೀಲಿ ಮೇಜಿನ ಮೇಲಿಟ್ಟಳು.

ಮಿಕ್ಕ ಕ್ಯಾನಿನ ನೀರನ್ನೂ ಸುರಿದು, ಹನಿಯನ್ನು ಮೊದಲ ದಿನದಿಂದ ಮತ್ತೆ ಶುರು ಮಾಡಿದರು. ಮೂರು ವಾರ ಸರ್ ತಾವೇ ಬೆಳಿಗ್ಗೆ ಸಂಜೆ ಬಂದು ಹಾಕಿದರು. ಶಿವಗಂಗವ್ವ ಆ ಕೋಣೆಯ ಹೊಸ್ತಿಲ ತನಕ ಕಸ ಗುಡಿಸಿ ಹಿಂದಿರುಗುತ್ತಿದ್ದಳು. ಕದ ತೆರೆದಿದ್ದಾಗ ಕತ್ತು ಚಾಚಿ ಎಣಿಸುತ್ತಿದ್ದಳು. ಮೂರು. ಎರಡೇ ಕಂಡ ದಿನ ಮತ್ತೆ ಎಣಿಸುತ್ತಿದ್ದಳು, ಅಷ್ಟರಲ್ಲಿ ಮೂರನೆಯದು ನಳಿಗೆಯ ಹಿಂದಿನಿಂದ ಹೊರಬರುತ್ತಿತ್ತು. ಹಣಮಂತ ದಾರಿಯಲ್ಲಿ ಸಿಕ್ಕರೆ ತಲೆ ಕೆರೆದುಕೊಳ್ಳುತ್ತಿದ್ದ. ಕಾಯಂ ಆಗುವ ಮಾತನ್ನು ಯಾರೂ ಎತ್ತಲಿಲ್ಲ. ಅವಳೂ ಕೇಳಲಿಲ್ಲ.

ಇಪ್ಪತ್ತೊಂದನೆಯ ದಿನ ಸರ್ ಅವಳನ್ನು ಒಳಗೆ ಕರೆದರು. ರಜಿಸ್ಟರ್ ತೆರೆದಿತ್ತು, ಪೆನ್ನಿನ ಟೋಪಿ ಬಿಚ್ಚಿತ್ತು.

“ನೋಡವ್ವಾ, ಒಂದರ ಚುಕ್ಕಿ ಉಳದೈತೇನು?”

ಶಿವಗಂಗವ್ವ ಸೆರಗು ಸಿಕ್ಕಿಸಿ ಗಾಜಿಗೆ ಹಣೆ ಹಚ್ಚಿದಳು. ಒಂದೊಂದು ಮೀನನ್ನೂ ಆ ಮಗ್ಗುಲು ಈ ಮಗ್ಗುಲು ತಿರುಗುವ ತನಕ ಕಾದು ನೋಡಿದಳು. ರೆಕ್ಕೆ, ಬಾಲ, ಕಿವಿರಿನ ಅಂಚು. ಕಾಲು ತಾಸೇ ಆಗಿರಬೇಕು. ಸರ್ ಅವಸರ ಮಾಡಲಿಲ್ಲ.

“ಇಲ್ಲರಿ,” ಎಂದಳು.

ಚುಕ್ಕಿ ಇಲ್ಲ ಎಂದು ಅವರು ಬರೆದರು. ಅದರ ಕೆಳಗೆ, ನೋಡಿದವರು ಶಿವಗಂಗವ್ವ ಎಂದು ಬರೆದು, ತಾವು ಒಮ್ಮೆಯೂ ತೊಟ್ಟಿಯ ಕಡೆ ಬಗ್ಗದೆ ರಜಿಸ್ಟರ್ ಮುಚ್ಚಿದರು.