ತುಂಡಕ್ಕನ ಕುದುರೆ

ನಮ್ಮ ಮನೆಯಲ್ಲಿ ಹರಿದ ಬಟ್ಟೆ ನೆಲ ಒರೆಸುವುದಕ್ಕೆ ಹೋಗುವ ಮೊದಲು ಅಕ್ಕನ ಕಣ್ಣು ದಾಟಿ ಹೋಗಬೇಕಿತ್ತು. ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ದರ್ಜಿ ಅಂಗಡಿಯಿಂದ ಕಾಜ, ಗುಂಡಿಯ ಕೆಲಸ ತಂದು ಮನೆಯಲ್ಲೇ ಮಾಡುತ್ತಿದ್ದಳು. ಬರುವಾಗ ಅಲ್ಲಿ ಕತ್ತರಿಸಿ ಬಿಸಾಡಿದ ತುಂಡುಗಳನ್ನೂ ಚೀಲಕ್ಕೆ ತುರುಕಿಕೊಂಡು ಬರುವಳು. ಅದಕ್ಕೇ ಬೀದಿಯವರು ತುಂಡಕ್ಕ ಎಂದು ಹೆಸರಿಟ್ಟಿದ್ದರು. ಅವಳಿಗೆ ಬೇಜಾರೇನೂ ಇರಲಿಲ್ಲ.

"ಇಡೀ ಥಾನು ಯಾರು ಬೇಕಾದ್ರೂ ಹೊಲೀತಾರೆ ಬಿಡು. ತುಂಡು ಸೇರಿಸೋಕೆ ತಲೆ ಬೇಕು" ಎನ್ನುವಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಬಟ್ಟೆಯ ತುಂಡನ್ನೇನೋ ಸೇರಿಸುತ್ತಿದ್ದಳು. ಮನೆಯೇ ಎರಡು ತುಂಡಾಗುವ ಕಾಲ ಬಂದಿತ್ತು.

ಮಾವ ಬಿಟ್ಟುಹೋದ ಸೈಕಲ್ಲನ್ನು ನಮ್ಮವರು ಯಾರೋ ಸ್ನೇಹಿತನಿಗೆ ಕೊಟ್ಟರು. ಅವನೂ ಹೋದ, ಸೈಕಲ್ಲೂ ಹೋಯಿತು. ಭಾವ ಒಂದು ಮಾತು ಅಂದರು, ನಮ್ಮವರು ಎರಡು ಅಂದರು. ಅಲ್ಲಿಂದ ಮುಂದೆ ಒಂದೇ ಸೂರು, ಬಾಟಲಿ ಮುಚ್ಚಳ ಮಾಡುವ ಒಂದೇ ಕಾರ್ಖಾನೆಯಲ್ಲಿ ಕೆಲಸ, ಆದರೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಎದುರುಬದುರು ಊಟಕ್ಕೆ ಕೂತು ಭಾವ ಅಕ್ಕನಿಗೆ, "ನಿನ್ನ ಮೈದುನನಿಗೆ ಹೇಳು, ನಲ್ಲಿ ಸರಿಯಾಗಿ ನಿಲ್ಲಿಸೋದು ಕಲೀಲಿ" ಎನ್ನುವರು. ನಮ್ಮವರು ನನ್ನ ಕಡೆ ತಿರುಗಿ, "ನಿನ್ನ ಭಾವನಿಗೆ ಹೇಳು, ನನಗೂ ಕಿವಿ ಇದೆ" ಎನ್ನುವರು. ಚಿಕ್ಕವನು ಮೊದಲು ಬಾಯಿ ಬಿಡಲಿ ಎಂದು ಒಬ್ಬರ ಹಟ, ದೊಡ್ಡವನು ಮೊದಲು ಎಂದು ಇನ್ನೊಬ್ಬರದು.

ಕೊನೆಗೆ ಭಾವ ಇಟ್ಟಿಗೆ ತರಿಸಿ ಅಂಗಳದಲ್ಲಿ ಪೇರಿಸಿದರು. ನಡುಮನೆಗೆ ಅಡ್ಡಗೋಡೆ ಎಬ್ಬಿಸುವುದು. ಗೋಡೆ ಎದ್ದರೆ ಒಲೆ ನಮ್ಮ ಕಡೆಗೆ, ಅಕ್ಕ ಹೊಲಿಗೆ ಮೆಷಿನ್ನಿಟ್ಟಿದ್ದ ಕಿಟಕಿ ಅವರ ಕಡೆಗೆ. ಅತ್ತೆ ಯಾವ ಕಡೆ ಎಂದು ಯಾರೂ ಹೇಳಲಿಲ್ಲ, ಅತ್ತೆ ಕೇಳಲೂ ಇಲ್ಲ. ತಟ್ಟೆಯಲ್ಲಿ ಕೈಯಿಟ್ಟುಕೊಂಡು ಇಟ್ಟಿಗೆ ರಾಶಿಯನ್ನೇ ನೋಡುತ್ತ ಕೂರುವರು.

ಆ ವರ್ಷ ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ಮನೆಮಂದಿಯೆಲ್ಲ ಸೇರಿ ವೇಷ ಹಾಕುವ ಸ್ಪರ್ಧೆ ಇಟ್ಟಿದ್ದರು. ಅಕ್ಕ ಯಾರನ್ನೂ ಕೇಳದೆ ನಮ್ಮ ಮನೆಯ ಹೆಸರು ಕೊಟ್ಟು ಬಂದಳು.

"ಸರ್ಕಸ್ ವೇಷ ಹಾಕೋಣ" ಎಂದಳು.

"ಅದಕ್ಕೆ ವೇಷ ಯಾಕೆ? ದಿನಾ ನಡೀತಿದೆಯಲ್ಲ" ಎಂದರು ಅತ್ತೆ.

ಚಾಟಿ ಹಿಡಿದ ಯಜಮಾನಿ ಅತ್ತೆ. ಅಕ್ಕನೂ ನಾನೂ ಜೋಕರ್‌ಗಳು. ಅವಳ ಮಗ, ನನ್ನ ಮಗಳು ಸಿಂಹದ ಮರಿಗಳು. ಗಂಡಸರಿಬ್ಬರೂ ಸೇರಿ ಒಂದು ಕುದುರೆ. ಇಷ್ಟು ಕೇಳಿದ್ದೇ ತಡ, ಎರಡು ಮೂಲೆಗಳಿಂದ ಒಂದೇ ಕೂಗು ಎದ್ದಿತು: "ಮುಂದೆ ಯಾರು?"

ಅಕ್ಕ ಟೇಪು ಹಿಡಿದು ಎದ್ದಳು. "ಕುದುರೆ ಕತ್ತು ಎತ್ತರ ಇರ್ಬೇಕು. ಉದ್ದ ಇರೋರು ಮುಂದೆ."

ನಮ್ಮವರು ತೆಂಗಿನ ಮರ, ಭಾವ ಕುಳ್ಳಗೆ. ಭಾವನ ಮುಖ ಕೆಂಪಗಾಯಿತು. "ಅಂದ್ರೆ ನಾನು ಅವನ ಬಾಲ ಹಿಡ್ಕೊಂಡು ಹೋಗ್ಬೇಕಾ?"

"ಬಾಲ ನಿಮ್ಮ ಹಿಂದೇನೇ ಬರುತ್ತೆ, ಯೋಚನೆ ಮಾಡ್ಬೇಡಿ."

ಭಾವ ಎದ್ದು ಹೊರಟೇಬಿಟ್ಟರು. ಆಗ ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಅವತ್ತೊಂದು ದಿನ ಒಂದಾಗಿ ಇರ್ರೋ. ಮಾರನೆ ದಿನ ಗೋಡೆ ಕಟ್ಕೊಳಿ. ನಾನು ಅಡ್ಡ ಬಂದ್ರೆ ಕೇಳಿ" ಎಂದರು. ಆ ಮಾತಿಗೆ ಇಬ್ಬರೂ ತಲೆಬಾಗಿದರು, ಕುದುರೆಯೊಳಗೆ ಮಾತಾಡುವುದಿಲ್ಲ ಎಂಬ ಕರಾರಿನ ಮೇಲೆ. ಭಾವ ಗಾರೆಯವನಿಗೆ ಮಾರನೆಯ ಬೆಳಿಗ್ಗೆಯೇ ಬಾ ಎಂದು ಹೇಳಿ ಕಳಿಸಿದರು.

ಬೇರೆ ಮನೆಗಳವರು ಬಾಡಿಗೆಗೆ ವೇಷ ತಂದರು. ನಮ್ಮ ಕೈಯಲ್ಲಿ ದುಡ್ಡೆಲ್ಲಿತ್ತು? ಸವೆದ ಎರಡು ಹೊದಿಕೆ ಸಿಕ್ಕಿದವು. ಚಹಾ ಅಂಗಡಿಯವನನ್ನು ಬೇಡಿ, ಸೋಸಿ ಬಿಸಾಡುವ ಪುಡಿ ತಂದು, ಹಂಡೆಯಲ್ಲಿ ಕುದಿಸಿ ಹೊದಿಕೆಗಳನ್ನು ಅದ್ದಿದೆವು. ಎತ್ತಿದಾಗ ನೋಡಬೇಕು, ಅಪ್ಪಟ ಕುದುರೆ ಬಣ್ಣ! ಮೂತಿಗೆ ತಳ ಕಿತ್ತ ಬುಟ್ಟಿ, ಕಣ್ಣಿಗೆ ಬಾಟಲಿ ಮುಚ್ಚಳ, ಕಾಲಿಗೆ ಅವರಿಬ್ಬರದೇ ಹಳೆಯ ಪ್ಯಾಂಟು. ಬಾಲಕ್ಕೆ ಮಾತ್ರ ಏನೂ ಹೊಂದಲಿಲ್ಲ. ಅತ್ತೆ ಸುಮ್ಮನೆ ಒಳಗೆ ಹೋಗಿ, ಜಡೆಗೆ ಸೇರಿಸಿಕೊಳ್ಳುತ್ತಿದ್ದ ತಮ್ಮ ಚೌರಿ ತಂದು ಕೊಟ್ಟರು. "ವಯಸ್ಸಲ್ಲಿ ಜಂಬಕ್ಕೆ ಹಾಕ್ಕೊಂಡಿದ್ದೆ. ಕುದುರೆಗಾದ್ರೂ ಆಗ್ಲಿ" ಎಂದರು.

ನಮ್ಮ ಕೈಮೆಷಿನ್ನಿನ ಕೆಳಗೆ ಅಷ್ಟು ದಪ್ಪ ಬಟ್ಟೆ ಒಟ್ಟಿಗೆ ನುಸುಳುತ್ತಿರಲಿಲ್ಲ. ಆದ್ದರಿಂದ ಅಕ್ಕ ಕುದುರೆಯನ್ನು ಎರಡು ಅರ್ಧವಾಗಿ ಹೊಲಿದು, ಹೊಟ್ಟೆಯ ಹತ್ತಿರ ಹುಕ್ಕು ಹಾಕಿ ಕೂಡಿಸುವಂತೆ ಮಾಡಿದಳು. ಮುಂದಿನ ಅರ್ಧದಲ್ಲಿ, ಕತ್ತಿನ ಕೆಳಗೆ, ಹೊರಗೆ ನೋಡಲು ಒಂದು ತೂತು ಬಿಟ್ಟಿದ್ದಳು.

"ಅಕ್ಕ, ಭಾವನ ಕಡೆ ತೂತೇ ಇಲ್ವಲ್ಲ?" ಎಂದೆ.

"ಕುದುರೆಗೆ ಹಿಂದೆ ಕಣ್ಣಿರೋದು ಎಲ್ಲಾದ್ರೂ ನೋಡಿದ್ದೀಯಾ?"

ಮನೆಯಲ್ಲಿ ಒಮ್ಮೆ ನಡೆಸಿ ನೋಡಿದೆವು. ಮಾತಿಲ್ಲದ ಕುದುರೆ! ಮುಂಗಾಲು ಬಾಗಿಲಿಗೆ, ಹಿಂಗಾಲು ಗೋಡೆಗೆ. "ಎತ್ತು ಏರಿಗೆ, ಕೋಣ ನೀರಿಗೆ" ಎಂದು ಅತ್ತೆ ಚಾಟಿ ಬಿಸಾಡಿ ಕೂತುಬಿಟ್ಟರು.

ವಾರ್ಷಿಕೋತ್ಸವದ ದಿನ ಸರದಿ ಬಂದಾಗ ನಾನು ಕುದುರೆಯ ಪಕ್ಕದಲ್ಲೇ ಇದ್ದೆ. ವೇದಿಕೆ ಎತ್ತರದಲ್ಲಿತ್ತು, ಹತ್ತಲು ಮರದ ಮೆಟ್ಟಿಲು. ಮುಂಗಾಲು ಮೊದಲ ಮೆಟ್ಟಿಲು ಮುಟ್ಟಿ ನಿಂತಿತು. ಜನ ಚಪ್ಪಾಳೆ ತಟ್ಟಿದರು, ಕುದುರೆ ಅಲ್ಲಾಡಲಿಲ್ಲ. ಹಿಂದೆ ಇರುವವರಿಗೆ ಏನೂ ಕಾಣದು. ಭಾವನಿಗೆ ಮಂಡಿ ನೋವಿತ್ತು, ಎಡವಿದರೆ ಮುಖ ಅಡಿಯಾಗಿ ಬೀಳಬೇಕು. ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಕುದುರೆಗೆ ಹುಲ್ಲು ಹಾಕ್ರಪ್ಪಾ!"

ಆಗ ಕುದುರೆಯ ಕತ್ತಿನೊಳಗಿಂದ ಸಣ್ಣಗೆ ಕೇಳಿಸಿತು: "ಅಣ್ಣಾ, ಮೆಟ್ಟಿಲು."

ನಾನು ಹೊದಿಕೆಗೆ ಕಿವಿ ಹಚ್ಚಿದೆ. ಹಿಂಗಾಲು ಸ್ವಲ್ಪ ಮುಂದೆ ಸರಿಯಿತು. ಆಮೇಲೆ, "ಎಷ್ಟಿದೆಯೋ?"

"ಮೂರು. ಬಲಗಾಲು ಮೊದಲು ಎತ್ತು. ನಿನ್ನ ಎಡಮಂಡಿ ತಾನೆ ನೋಯೋದು?"

"ನೆನಪಿದೆಯೇನೋ ನಿನಗೆ!"

"ನನ್ನ ಸೊಂಟ ಗಟ್ಟಿಯಾಗಿ ಹಿಡ್ಕೊ."

ಕುದುರೆ ಮೆಟ್ಟಿಲು ಹತ್ತಿತು. ಹತ್ತಿದ ಮೇಲೆ ಸುಮ್ಮನಿರಬೇಕಲ್ಲ! ವೇದಿಕೆಯ ನಡುವೆ, "ಅಷ್ಟು ಬುದ್ಧಿ ಇದ್ದೋನು ಅಪ್ಪನ ಸೈಕಲ್ ಯಾಕೋ ಕೊಟ್ಟೆ?" ಎಂದು ಹಿಂಭಾಗ ಕೇಳಿತು. "ತಪ್ಪಾಯ್ತು ಅಂತ ಹೇಳೋಕೆ ನೀನು ಬಿಟ್ಟೆಯಾ?" ಎಂದು ಮುಂಭಾಗ ಒದರಿತು. ಹೊಟ್ಟೆ ಕುಣಿಯಿತು, ಒಂದು ಹುಕ್ಕು ಪಟ್ಟನೆ ಕಿತ್ತುಬಂತು, ಅತ್ತೆಯ ಚೌರಿ ಆ ಕಡೆ ಈ ಕಡೆ ಹಾರಿತು. ಜನ ಬಿದ್ದು ಬಿದ್ದು ನಕ್ಕರು. ಯಜಮಾನಿ ಮಾತ್ರ ಬಟ್ಟೆಯ ಚಾಟಿಯಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಬಹುಮಾನ ಬಾಡಿಗೆ ವೇಷದವರ ಪಾಲಾಯಿತು. ಮಾರನೆಯ ಬೆಳಿಗ್ಗೆ ಗಾರೆಯವನು ಬಂದು, ಗೋಡೆ ಎಲ್ಲಿಂದ ಶುರು ಮಾಡಲಿ ಎಂದ. ಭಾವ ತಲೆ ಕೆರೆದುಕೊಂಡರು.

"ಗೋಡೆ ಬೇಡಪ್ಪ. ಅಂಗಳದಲ್ಲಿ ಒಂದು ಕಟ್ಟೆ ಕಟ್ಟು. ಇಬ್ಬರು ಕೂರೋವಷ್ಟು."

"ಅಮ್ಮ ಎಲ್ಲಿ ಕೂರ್ಬೇಕು, ನಿನ್ನ ತಲೆ ಮೇಲಾ? ಇನ್ನೂ ಉದ್ದ ಮಾಡಿಸು" ಎಂದರು ಒಳಗಿಂದ ನಮ್ಮವರು.

ಕುದುರೆಯನ್ನು ಬಿಚ್ಚಿ ಅಕ್ಕ ಆ ಕಟ್ಟೆಗೆ ಮೆತ್ತೆ ಹೊಲಿದಳು. ಸಂಜೆಯಾದರೆ ಅಣ್ಣತಮ್ಮ ಅದರ ಮೇಲೆ ಕೂತು ಅದೇ ಸೈಕಲ್ಲಿನ ಜಗಳ ತೆಗೆಯುವರು, ನಡುವೆ ಅತ್ತೆ ಕಿವಿ ಮುಚ್ಚಿಕೊಂಡು ನಗುವರು. ಈಗ ಅವರು ಯಾರೂ ಇಲ್ಲ, ಅಕ್ಕನೂ ಇಲ್ಲ. ಕಟ್ಟೆ ಇದೆ. ಮೆತ್ತೆ ಹರಿದಲ್ಲೆಲ್ಲ ಅವಳ ಮೆಷಿನ್ನಿನಲ್ಲೇ ನಾನು ತುಂಡು ಹಚ್ಚುತ್ತೇನೆ. ಅವಳಷ್ಟು ನೇರ ಬರುವುದಿಲ್ಲ.

ಒಮ್ಮೆ ಅಲ್ಲೇ ಕೂತು ಕೇಳಿದ್ದೆ, "ಅಕ್ಕ, ನಿಜ ಹೇಳು. ಹಿಂದೆ ತೂತು ಬಿಡದೆ ಇದ್ದದ್ದು ಬೇಕಂತಲೇ ತಾನೆ?"

"ಅಯ್ಯೋ, ಕತ್ತರಿ ಮೊಂಡಾಗಿತ್ತು ಕಣೇ" ಎಂದಳು, ತಲೆ ಎತ್ತದೆ.

ಆ ಕತ್ತರಿಗೆ ಕುದುರೆ ಕತ್ತರಿಸುವ ಮುಂಚೆ ಸಾಣೆ ಹಿಡಿಸಿಕೊಂಡು ಬಂದವಳು ನಾನೇ.